ಬೆಳಗಾವಿಯ ಭಾಷಣ, ಪುಣೆಯ ಮುಚ್ಚಳಿಕೆ

ಮೀರಜ ಬಿಟ್ಟ ರೈಲು ಶೇಡಬಾಳ, ಉಗಾರ ಖುರ್ದ ದಾಟಿ ಕೃಷ್ಣೆಯ ಸೇತುವೆ ಕಳೆದರೆ ಸಿಗುವುದು ಕುಡಚಿ. ಅಲ್ಲಿಂದ ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್, ಘಟಪ್ರಭಾ, ಆಮೇಲೆ ಬೆಳಗಾವಿ. 1916ರ ಏಪ್ರಿಲ್ ಕೊನೆಯ ವಾರ ಪುಣೆ, ಸಾತಾರಾ ಕಡೆಯಿಂದ ಬೆಳಗಾವಿಗೆ ಹೊರಟವರಿಗೆ ಇದ್ದ ರೈಲು ದಾರಿ ಇದೊಂದೇ. ಆಗ ಇದು ಮೀಟರ್ ಗೇಜ್, ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ ಹಳಿ. ಬೆಳಗಾವಿಯಲ್ಲಿ ಮುಂಬಯಿ ಪ್ರಾಂತಿಕ ಪರಿಷತ್ತು ಸೇರುತ್ತಿತ್ತು. ಬಾಲಗಂಗಾಧರ ಟಿಳಕರು ಬರುವವರಿದ್ದರು, ದಕ್ಷಿಣ ಆಫ್ರಿಕಾದಿಂದ ಬಂದು ವರ್ಷವಷ್ಟೇ ಕಳೆದಿದ್ದ ಗಾಂಧಿಯೂ ಬರುವವರಿದ್ದರು.

ಈ ಸೀಮೆಯ ಆಗಿನ ನಕಾಶೆ ನೋಡಿದರೆ ತಲೆ ತಿರುಗುತ್ತದೆ. ಅಥಣಿ, ಚಿಕ್ಕೋಡಿ ತಾಲೂಕುಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. ಮೀರಜ, ಸಾಂಗಲಿ, ಜಮಖಂಡಿ ಪಟವರ್ಧನ ಮನೆತನದ ಬೇರೆ ಬೇರೆ ಶಾಖೆಗಳ ಪಾಲು. ಅರ್ಧ ದಿನದ ಪ್ರಯಾಣದಲ್ಲಿ ಮೂರ್ನಾಲ್ಕು ಸರ್ಕಾರಗಳ ನೆಲ ಹಾಯಬೇಕಿತ್ತು. ಒಂದು ಹಳ್ಳಿಯಲ್ಲಿ ಅಪರಾಧವಾದದ್ದಕ್ಕೆ ಪಕ್ಕದ ಹಳ್ಳಿಯ ಫೌಜದಾರನಿಗೆ ಕೈ ಹಾಕುವ ಹಕ್ಕೇ ಇರದ ಸ್ಥಿತಿ. ರೈಲು ಹಳಿಯ ಗುಂಟ ಯಾರ ಕಾನೂನು ನಡೆಯುತ್ತದೆ ಎಂಬ ತಕರಾರು ಲಂಡನ್ನಿನವರೆಗೂ ಹೋಗಿತ್ತು. ಶಿಮ್ಲಾದ ಮ್ಯಾಜಿಸ್ಟ್ರೇಟರ ವಾರಂಟು ಹಿಡಿದು ನಿಜಾಮರ ರಾಜ್ಯದ ರೈಲು ಜಾಗದಲ್ಲಿ ಒಬ್ಬನನ್ನು ಬಂಧಿಸಿದ್ದು ಅಕ್ರಮವೆಂದು ಪ್ರಿವಿ ಕೌನ್ಸಿಲ್ 1897ರಲ್ಲಿ ತೀರ್ಪು ಕೊಟ್ಟಿತು. ಹಳಿ ಬ್ರಿಟಿಷರ ಹಿಡಿತಕ್ಕೆ ಬಂದ ಮಾತ್ರಕ್ಕೆ ನೆಲ ಬ್ರಿಟಿಷರದ್ದಾಗದು ಎಂಬುದು ಅದರ ಸಾರ.

ಟಿಳಕರಿಗೆ ಈ ಗಡಿಗಳ ಪರಿಚಯ ಹೊಸದಲ್ಲ. ಅವರು ಮೊದಲು ಜೈಲು ಕಂಡದ್ದೇ ಕೊಲ್ಹಾಪುರದ ವಿಷಯಕ್ಕೆ. ಅಲ್ಲಿಯ ಕಾರಭಾರಿ ಮಾಧವರಾವ್ ಬರ್ವೆ ಎಳೆಯ ಮಹಾರಾಜರನ್ನು ಹಿಂಸಿಸುತ್ತಿದ್ದಾರೆಂದು ಪತ್ರಿಕೆಯಲ್ಲಿ ಬರೆದದ್ದಕ್ಕೆ 1882ರಲ್ಲಿ ಟಿಳಕರೂ ಅವರ ಜೊತೆಗಾರ ಆಗರಕರರೂ ಮಾನಹಾನಿ ಕೇಸಿನಲ್ಲಿ ಸಿಕ್ಕಿ, ಮುಂಬಯಿಯ ಡೋಂಗರಿ ಜೈಲಿನಲ್ಲಿ 101 ದಿನ ಕಳೆದಿದ್ದರು. ಅಲ್ಲಿಂದ ಶುರುವಾದ ಕೋರ್ಟಿನ ನಂಟು ಅವರನ್ನು ಸಾಯುವವರೆಗೂ ಬಿಡಲಿಲ್ಲ.

ಬೆಳಗಾವಿಯ ಆ ಸಭೆಗಳು ಹಲವು ಕಾರಣಕ್ಕೆ ದೊಡ್ಡವು. 1907ರ ಸೂರತ್ ಜಗಳದಲ್ಲಿ ಕಾಂಗ್ರೆಸ್ ಬಿಟ್ಟಿದ್ದ ತೀವ್ರಗಾಮಿಗಳು ಮತ್ತೆ ಕಾಂಗ್ರೆಸ್ಸಿಗೆ ಸೇರುವ ನಿರ್ಧಾರವಾದದ್ದು ಅಲ್ಲಿ. ಏಪ್ರಿಲ್ 28ರಂದು ಹೋಮ್ ರೂಲ್ ಲೀಗ್ ಹುಟ್ಟಿದ್ದೂ ಅಲ್ಲೇ. ಜೋಸೆಫ್ ಬ್ಯಾಪ್ಟಿಸ್ಟಾ ಅಧ್ಯಕ್ಷರು, ನ.ಚಿಂ. ಕೇಳ್ಕರ ಕಾರ್ಯದರ್ಶಿ. ಟಿಳಕರು ಬೇಕೆಂದೇ ಯಾವ ಹುದ್ದೆಯನ್ನೂ ತೆಗೆದುಕೊಳ್ಳಲಿಲ್ಲ. ಊರಿನ ಕಡೆಯಿಂದ ಈ ಚಳವಳಿಗೆ ಹೆಗಲು ಕೊಟ್ಟವರು ಹುದಲಿಯ ಗಂಗಾಧರರಾವ್ ದೇಶಪಾಂಡೆ, ಮುಂದೆ ಕರ್ನಾಟಕ ಸಿಂಹ ಎನಿಸಿಕೊಂಡವರು. 1924ರ ಕಾಂಗ್ರೆಸ್ ಅಧಿವೇಶನವನ್ನು ಬೆಳಗಾವಿಗೆ ತಂದದ್ದೂ ಅವರ ಶ್ರಮವೇ. ಆ ಅಧಿವೇಶನದ ಬಗ್ಗೆ ನಾವು ಎಷ್ಟು ಮಾತಾಡುತ್ತೇವೋ, ಎಂಟು ವರ್ಷ ಮೊದಲಿನ ಈ ಸಭೆಯ ಬಗ್ಗೆ ಅಷ್ಟೇ ಕಡಿಮೆ ಮಾತಾಡುತ್ತೇವೆ. ಆ ಸಭೆಯ ಬಾಲವಾಗಿ ಬಂದ ಕೇಸಿನ ಬಗ್ಗೆಯಂತೂ ಮಾತೇ ಇಲ್ಲ.

ಮೇ 1ರಂದು ಟಿಳಕರು ಬೆಳಗಾವಿಯಲ್ಲಿ ಮರಾಠಿಯಲ್ಲಿ ಮಾತಾಡಿದರು. 1908ರ ರಾಜದ್ರೋಹದ ಕೇಸಿನಲ್ಲಿ ಶಿಕ್ಷೆಯಾಗಿ ಮಂಡಾಲೆಯ ಜೈಲಿನಲ್ಲಿ ಆರು ವರ್ಷ ಕಳೆದು 1914ರ ಜೂನಿನಲ್ಲಿ ಬಿಡುಗಡೆಯಾಗಿದ್ದ ಮನುಷ್ಯ. ದೇಹಕ್ಕೆ ಸಕ್ಕರೆ ಕಾಯಿಲೆ ಅಂಟಿತ್ತು. ನಾಲಿಗೆಗೆ ಮಾತ್ರ ಕಾನೂನಿನ ಸೂಕ್ಷ್ಮ ಇನ್ನಷ್ಟು ಪಳಗಿತ್ತು. ಎಲ್ಲಿಯವರೆಗೆ ಹೋದರೆ ರಾಜದ್ರೋಹ, ಎಲ್ಲಿ ನಿಂತರೆ ಅಲ್ಲ ಎಂಬುದನ್ನು ಎರಡು ಸಲ ಶಿಕ್ಷೆ ಉಂಡು ಕಲಿತವರು ಅವರು. ಆ ದಿನ ಅವರು ಸರ್ಕಾರವನ್ನು ಎರಡಾಗಿ ಸೀಳಿ ತೋರಿಸಿದರು. ವೇದಾಂತದ ಪರಬ್ರಹ್ಮದ ಹಾಗೆ ಕಣ್ಣಿಗೆ ಕಾಣದೆ, ನೇರ ಏನನ್ನೂ ಮಾಡದೆ ಮೇಲೆ ಇರುವ ಚಕ್ರವರ್ತಿಯ ಸರ್ಕಾರ ಒಂದು. ದಿನಬೆಳಗಾದರೆ ಜನರ ತಲೆಯ ಮೇಲೆ ಕೂರುವ ಕಲೆಕ್ಟರ್, ಕಮಿಷನರ್, ಸಿವಿಲ್ ಸರ್ವಿಸಿನ ಸರ್ಕಾರ ಇನ್ನೊಂದು. ದೇವರನ್ನು ಬದಲಿಸಿ ಎಂದು ಯಾರೂ ಕೇಳುತ್ತಿಲ್ಲ, ಪೂಜಾರಿ ಬೇಡವಾಗಿದ್ದಾನೆ, ನಮ್ಮವನೇ ಪೂಜಾರಿ ಆಗಲಿ ಎಂಬ ಧಾಟಿ. ಯಲ್ಲಮ್ಮ, ಮಾಯಕ್ಕ ಎಂದು ಊರೂರ ಜಾತ್ರೆ ತಿರುಗಿ ಪೂಜಾರಿಗಳ ಕಾಟ ಬಲ್ಲ ಸೀಮೆಯ ಜನಕ್ಕೆ ಈ ಮಾತು ಬಿಡಿಸಿ ಹೇಳಬೇಕಿರಲಿಲ್ಲ.

ಕೇಳುಗರ ನಡುವೆ ಸರ್ಕಾರದ ಶೀಘ್ರಲಿಪಿಕಾರರೂ ಇದ್ದರು. ಮೇ 31 ಮತ್ತು ಜೂನ್ 1ರಂದು ಅಹಮದನಗರದಲ್ಲಿ ಟಿಳಕರು ಇದೇ ಎಳೆಯ ಮೇಲೆ ಇನ್ನೆರಡು ಭಾಷಣ ಮಾಡಿದಾಗ ಅಲ್ಲಿಯೂ ಟಿಪ್ಪಣಿ ಬರೆದುಕೊಳ್ಳಲಾಯಿತು. ಮೂರೂ ಭಾಷಣ ಇಂಗ್ಲಿಷಿಗೆ ಇಳಿದು ಮುಂಬಯಿ ಸರ್ಕಾರದ ಮೇಜು ಸೇರಿದವು.

ಈಗ ಸರ್ಕಾರದ ಮುಂದೆ ಒಂದು ಯೋಚನೆ. 124-ಎ ಕಲಮಿನ ಮೇಲೆ ಮತ್ತೆ ರಾಜದ್ರೋಹದ ಕೇಸು ಹಾಕಬಹುದಿತ್ತು. ಹಾಕಿದರೆ 1908 ಮರುಕಳಿಸುತ್ತದೆ: ದಿನಗಟ್ಟಲೆ ವಿಚಾರಣೆ, ಪತ್ರಿಕೆಗಳ ತುಂಬ ವರದಿ, ಶಿಕ್ಷೆಯಾದರೆ ಗಿರಣಿ ಕಾರ್ಮಿಕರ ಮುಷ್ಕರ. ಯುರೋಪಿನಲ್ಲಿ ಯುದ್ಧ ನಡೆದಿರುವಾಗ ಅದು ಬೇಡವಾಗಿತ್ತು. ಅದಕ್ಕೆ ಅವರು ಹಿತ್ತಲ ಬಾಗಿಲು ಹುಡುಕಿದರು, ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 108ನೇ ಕಲಮು. ಇದರಲ್ಲಿ ಆರೋಪಿ ಇಲ್ಲ, ಜ್ಯೂರಿ ಇಲ್ಲ, ಶಿಕ್ಷೆಯೂ ಇಲ್ಲ. ರಾಜದ್ರೋಹದ ಮಾತು ಹರಡುವವನೆಂದು ಕಂಡುಬಂದ ಮನುಷ್ಯನಿಂದ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಳ್ಳುವುದು, ಅಷ್ಟೇ. ಮುಚ್ಚಳಿಕೆ ಕೊಡದಿದ್ದರೆ ಜೈಲು, ಕೊಟ್ಟು ಮತ್ತೆ ಬಾಯಿಬಿಟ್ಟರೆ ಹಣ ಜಪ್ತಿ. ಮಾತಾಡಿದ್ದು ಎಲ್ಲಿಯೇ ಆಗಲಿ, ಮನುಷ್ಯ ತನ್ನ ಹದ್ದಿನಲ್ಲಿದ್ದರೆ ಸಾಕು, ಮ್ಯಾಜಿಸ್ಟ್ರೇಟ್ ನೋಟೀಸು ಹೊರಡಿಸಬಹುದು. ಹಾಗಾಗಿ ಬೆಳಗಾವಿಯ ಮಾತಿಗೆ ಪುಣೆಯ ಕೋರ್ಟು. ಈ ಉಪಾಯದ ಬೇರು ಇಂಗ್ಲೆಂಡಿನಲ್ಲೇ ಇದೆ. ಊರಿನ ಶಾಂತಿ ಕೆಡಿಸುವವರಿಂದ ಜಾಮೀನು ಬರೆಸಿಕೊಳ್ಳುವ ಅಧಿಕಾರವನ್ನು ಅಲ್ಲಿಯ ನ್ಯಾಯಾಧಿಕಾರಿಗಳಿಗೆ ಕೊಟ್ಟ ಕಾಯಿದೆ 1361ರಷ್ಟು ಹಳೆಯದು.

ನೋಟೀಸು ಬಂದ ದಿನ ನೋಡಿ. ಜುಲೈ 23, ಟಿಳಕರಿಗೆ 60 ತುಂಬಿದ ದಿನ. ಪುಣೆಯ ಗಾಯಕವಾಡ ವಾಡೆಯಲ್ಲಿ ಷಷ್ಟ್ಯಬ್ದಿಯ ಸಡಗರ, ದೇಶದ ಮೂಲೆಮೂಲೆಯಿಂದ ಕೂಡಿಸಿದ 1 ಲಕ್ಷ ರೂಪಾಯಿಯ ನಿಧಿ ಅರ್ಪಣೆ. ಅದೇ ಹೊತ್ತಿಗೆ ಪೊಲೀಸ್ ಅಧಿಕಾರಿ ಕಾಗದ ಹಿಡಿದು ಬಂದರು. ಒಂದು ವರ್ಷದ ಮಟ್ಟಿಗೆ 20,000 ರೂಪಾಯಿಯ ಸ್ವಂತ ಮುಚ್ಚಳಿಕೆ, ಅದರ ಮೇಲೆ ತಲಾ 10,000ದ ಇಬ್ಬರು ಜಾಮೀನುದಾರರು ಏಕೆ ಬೇಡ ಎಂಬುದಕ್ಕೆ ಕಾರಣ ತೋರಿಸಿ ಎಂದಿತ್ತು ಅದು. ಟಿಳಕರು ಆ ಲಕ್ಷವನ್ನು ಸ್ವಂತಕ್ಕೆ ಮುಟ್ಟದೆ ದೇಶಕಾರ್ಯಕ್ಕೇ ಬಿಟ್ಟರು. ಎಂಟು ವರ್ಷ ಮೊದಲು ಅವರಿಗೆ ಆರು ವರ್ಷದ ಶಿಕ್ಷೆಯಾದದ್ದೂ ಹುಟ್ಟುಹಬ್ಬದ ಹಿಂದಿನ ರಾತ್ರಿ. ಸರ್ಕಾರಕ್ಕೆ ಆ ತಾರೀಖಿನ ಮೇಲೆ ಅದೇನು ಪ್ರೀತಿಯೋ.

ಆಗಸ್ಟಿನಲ್ಲಿ ಪುಣೆಯ ಜಿಲ್ಲಾ ಮ್ಯಾಜಿಸ್ಟ್ರೇಟ್ ಹ್ಯಾಚ್ ಅವರ ಮುಂದೆ ವಿಚಾರಣೆ. ಟಿಳಕರ ಪರ ನಿಂತವರು ಮುಂಬಯಿಯ ಮಹಮ್ಮದಲಿ ಜಿನ್ನಾ, ಜೊತೆಗೆ ಬ್ಯಾಪ್ಟಿಸ್ಟಾ ಮತ್ತು ಎರುಳಕರ. ಇದು ಮೊದಲ ಭೇಟಿಯಲ್ಲ. 1908ರಲ್ಲಿಯೂ ಜಿನ್ನಾ ಟಿಳಕರ ಜಾಮೀನಿಗಾಗಿ ವಾದಿಸಿ ಸೋತಿದ್ದರು. ಆ ಜಾಮೀನು ಕೊಡದ ನ್ಯಾಯಮೂರ್ತಿ ದಿನಶಾ ದಾವರ್ 1897ರಲ್ಲಿ ಬ್ಯಾರಿಸ್ಟರ್ ಆಗಿದ್ದಾಗ ಟಿಳಕರ ಪರವೇ ನಿಂತು ಬದ್ರುದ್ದೀನ್ ತಯ್ಯಬ್‌ಜಿಯವರಿಂದ ಜಾಮೀನು ದೊರಕಿಸಿಕೊಟ್ಟಿದ್ದವರು! ಗೌನು ಬದಲಾದರೆ ಕಾನೂನು ಬೇರೆ ಥರ ಕಾಣುತ್ತದೆ. ಹ್ಯಾಚ್ ಅವರಿಗೆ ಜಿನ್ನಾರ ವಾದ ಒಪ್ಪಿಗೆಯಾಗಲಿಲ್ಲ. ಆಗಸ್ಟ್ 12ರಂದು ಮುಚ್ಚಳಿಕೆ ಬರೆದುಕೊಡುವಂತೆ ಆದೇಶವಾಯಿತು. ಟಿಳಕರು ಬರೆದುಕೊಟ್ಟು, ಹೈಕೋರ್ಟಿಗೆ ಹೋದರು.

ನವೆಂಬರ್ 9. ಮುಂಬಯಿ ಹೈಕೋರ್ಟು, ನ್ಯಾಯಮೂರ್ತಿಗಳಾದ ಬ್ಯಾಚಲರ್ ಮತ್ತು ಲಲ್ಲುಭಾಯಿ ಶಹಾ. ಈ ತೀರ್ಪನ್ನು ಸ್ವಲ್ಪ ನಿಂತು ನೋಡಬೇಕು. ಟಿಳಕರ ಅಭಿಮಾನಿಗಳು ಹೇಳಿಕೊಂಡು ಬಂದಷ್ಟು ಸರಳವಾಗಿ ಅದು ಅವರ ಪರ ಇಲ್ಲ.

ಜಿನ್ನಾ ಅವರ ಮುಖ್ಯ ವಾದ, ಪೂಜಾರಿಯನ್ನು ಬೈದರೆ ದೇವರನ್ನು ಬೈದಂತಲ್ಲ ಎಂಬುದು. ಟಿಳಕರು ಚಕ್ರವರ್ತಿಗೆ ನಿಷ್ಠರು, ಅವರ ತಕರಾರು ಸಿವಿಲ್ ಸರ್ವಿಸಿನ ಮೇಲೆ, ಆದ್ದರಿಂದ ಇದು ಕಾನೂನುಬದ್ಧ ಸರ್ಕಾರದ ವಿರುದ್ಧ ಅಲ್ಲ. ಬ್ಯಾಚಲರ್ ಇದನ್ನು ತಳ್ಳಿಹಾಕಿದರು. ಸರ್ಕಾರ ಕೆಲಸ ಮಾಡುವುದೇ ಮನುಷ್ಯರ ಕೈಯಿಂದ, ಸಿವಿಲ್ ಸರ್ವಿಸೇ ಅದರ ಮುಖ್ಯ ಕೈ. ಇಡೀ ಸರ್ವಿಸನ್ನು ಒಟ್ಟಾಗಿ ಹಿಡಿದು ಟೀಕಿಸಿದಾಗ ಅದು ಸರ್ಕಾರದ ಮೇಲೆ ದ್ವೇಷ ಹುಟ್ಟಿಸುತ್ತದೋ ಇಲ್ಲವೋ ಎಂಬುದು ಆಯಾ ಸಂದರ್ಭದ ಸಂಗತಿ ನೋಡಿ ತೀರ್ಮಾನಿಸಬೇಕಾದ ಪ್ರಶ್ನೆ. ರಾಜನಿಷ್ಠೆಯ ಮಾತು ನಡುನಡುವೆ ಸೇರಿಸಿದರೆ ಅದೇ ರಕ್ಷೆಯಾಗದು. ಅಂದರೆ ಬೆಳಗಾವಿಯ ಆ ಜಾಣ ದೃಷ್ಟಾಂತ ಕೋರ್ಟಿನಲ್ಲಿ ನಡೆಯಲಿಲ್ಲ.

ಹಾಗಾದರೆ ಟಿಳಕರು ಗೆದ್ದದ್ದು ಹೇಗೆ? ಭಾಷಣವನ್ನು ಇಡಿಯಾಗಿ ಓದಿದ್ದರಿಂದ. ಸರ್ಕಾರದ ವಕೀಲರು ಕೆಲವು ಚುಚ್ಚುಮಾತುಗಳನ್ನು ಹೆಕ್ಕಿ ತೋರಿಸಿದ್ದರು. ಆ ವಾಕ್ಯಗಳು ಆಕ್ಷೇಪಾರ್ಹವೆಂದು ಬ್ಯಾಚಲರ್ ಸಹ ಒಪ್ಪಿದರು. ಆದರೆ ಇವು ಉದ್ದನೆಯ ಬಾಯಿಮಾತಿನ ಭಾಷಣಗಳು, ಸಭೆಯಲ್ಲಿ ಕುಳಿತವನು ಒಂದೊಂದು ಸಾಲನ್ನು ಹಿಡಿದು ತೂಗುವುದಿಲ್ಲ, ಎದ್ದು ಹೋಗುವಾಗ ಅವನ ಮನಸ್ಸಿನಲ್ಲಿ ಒಟ್ಟಾರೆ ಏನು ಉಳಿಯುತ್ತದೆ ಎಂಬುದೇ ಮುಖ್ಯ ಎಂದರು. ಹಾಗೆ ನೋಡಿದರೆ ಉಳಿಯುವುದು ಆಡಳಿತ ನಮ್ಮ ಕೈಗೆ ಬರಬೇಕು ಎಂಬ ಬೇಡಿಕೆ, ಸರ್ಕಾರದ ಮೇಲಿನ ದ್ವೇಷ ಅಲ್ಲ. ಹ್ಯಾಚ್ ಅವರ ಆದೇಶ ರದ್ದಾಯಿತು. ಶಹಾ ಅವರೂ ಅದೇ ಅಭಿಪ್ರಾಯ ಕೊಟ್ಟರು.

ಫಲ ತಕ್ಷಣ ಕಂಡಿತು. ಸ್ವರಾಜ್ಯ ಕೇಳುವುದು ರಾಜದ್ರೋಹವಲ್ಲ ಎಂದು ಹೈಕೋರ್ಟೇ ಹೇಳಿದ ಮೇಲೆ ಹೋಮ್ ರೂಲಿನ ಚಂದಾ ಪುಸ್ತಕಗಳು ಧೈರ್ಯವಾಗಿ ಹಳ್ಳಿಗೆ ಇಳಿದವು. ಅದುವರೆಗೆ ಸಭೆಗೆ ಹೋದರೆ ಏನಾದೀತೋ ಎನ್ನುತ್ತಿದ್ದ ವಕೀಲರು, ಶಾಲಾ ಮಾಸ್ತರರು, ವ್ಯಾಪಾರಿಗಳಿಗೆ ಆ ತೀರ್ಪೇ ಉತ್ತರ. ಅದೇ ವರ್ಷ ಮದ್ರಾಸಿನಲ್ಲಿ ಆನಿ ಬೆಸೆಂಟರ ಪತ್ರಿಕೆಯ ಠೇವಣಿ ಜಪ್ತಿಯಾಗಿ, ಅವರು ಅಲ್ಲಿಯ ಹೈಕೋರ್ಟಿನಲ್ಲೂ ಮುಂದೆ ಪ್ರಿವಿ ಕೌನ್ಸಿಲಿನಲ್ಲೂ ಸೋತದ್ದನ್ನು ಪಕ್ಕಕ್ಕಿಟ್ಟು ನೋಡಿದರೆ ಮುಂಬಯಿಯ ತೀರ್ಪಿನ ಬೆಲೆ ತಿಳಿಯುತ್ತದೆ.

ನನ್ನನ್ನು ಕಾಡುವ ಸಂಗತಿ ಬೇರೆ. ಸರ್ಕಾರ 108ನೇ ಕಲಮನ್ನು ಆರಿಸಿಕೊಂಡದ್ದು ಜ್ಯೂರಿ, ಗದ್ದಲ ಎರಡೂ ಬೇಡವೆಂದು. ಆ ಆಯ್ಕೆಯೇ ಅದನ್ನು ಸೋಲಿಸಿತು. ಜ್ಯೂರಿ ಕಾರಣ ಕೊಡುವುದಿಲ್ಲ. ಹೌದು ಅಥವಾ ಇಲ್ಲ ಎಂದು ಕೂರುತ್ತದೆ. ನ್ಯಾಯಾಧೀಶರು ಕಾರಣ ಬರೆಯಬೇಕು, ಬರೆದದ್ದು ಪುಸ್ತಕ ಸೇರಬೇಕು, ಮುಂದಿನ ವಕೀಲ ಅದನ್ನು ಉದ್ಧರಿಸಬೇಕು. ಬೆಳಗಾವಿ ಭಾಷಣದ ತೀರ್ಪು ಬಾಂಬೆ ಲಾ ರಿಪೋರ್ಟರಿನ 19ನೇ ಸಂಪುಟ ಸೇರಿ ಉಳಿಯಿತು.

ಟಿಳಕರ ಜ್ಯೂರಿಗಳ ಲೆಕ್ಕ ತೆಗೆದು ನೋಡಿ. 1897ರಲ್ಲಿ ನ್ಯಾಯಮೂರ್ತಿ ಸ್ಟ್ರೇಚಿ ಅವರ ಮುಂದೆ 9 ಜನರ ಜ್ಯೂರಿ 6–3ರಿಂದ ದೋಷಿ ಎಂದಿತು, 18 ತಿಂಗಳ ಶಿಕ್ಷೆ. 1908ರಲ್ಲಿ ದಾವರ್ ಅವರ ಮುಂದೆ 7 ಯುರೋಪಿಯನ್ನರು, 2 ಪಾರ್ಸಿಗಳ ಜ್ಯೂರಿ 7–2ರಿಂದ ದೋಷಿ ಎಂದಿತು. ಮರಾಠಿ ಲೇಖನಗಳ ಕೇಸಿನಲ್ಲಿ ಟಿಳಕರು 21 ಗಂಟೆ ತಾವೇ ವಾದಿಸಿದ್ದು, ಮರಾಠಿ ಓದಲು ಬಾರದವರೇ ತುಂಬಿದ್ದ ಕಟಕಟೆಯ ಮುಂದೆ. ಮೂರನೆಯದು ಲಂಡನ್ನಿನಲ್ಲಿ. ಟಿಳಕರು ಭಾರತದ ಅಶಾಂತಿಯ ಜನಕ ಎಂದು ಬರೆದಿದ್ದ ಪತ್ರಕರ್ತ ವ್ಯಾಲೆಂಟೈನ್ ಚಿರೋಲ್ ಮೇಲೆ ಅವರು ಮಾನಹಾನಿ ದಾವೆ ಹೂಡಿ, 1918ರಲ್ಲಿ ಕಡಲು ದಾಟಿ ಹೋದರು. ಬ್ರಿಟಿಷರ ಕೋರ್ಟುಗಳ ಮೇಲೆ ಅವರಿಗೆ ಎಂಥ ನಂಬಿಕೆ ಇತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ನ್ಯಾಯಮೂರ್ತಿ ಡಾರ್ಲಿಂಗ್ ಅವರ ಕೋರ್ಟು, ಟಿಳಕರ ಪರ ಸರ್ ಜಾನ್ ಸೈಮನ್, ಎದುರಿಗೆ ಸರ್ ಎಡ್ವರ್ಡ್ ಕಾರ್ಸನ್. ಆಗ ಟಿಳಕರ ವಕೀಲರಾಗಿದ್ದ ಸೈಮನ್ ಮುಂದೆ 1928ರಲ್ಲಿ ಆಯೋಗದ ಅಧ್ಯಕ್ಷರಾಗಿ ಬಂದಾಗ ನಮ್ಮವರು ಕಪ್ಪು ಬಾವುಟ ಹಿಡಿದರು. 1919ರ ಫೆಬ್ರುವರಿ 21ರಂದು ಜ್ಯೂರಿ ಚಿರೋಲ್ ಪರ ತೀರ್ಪು ಕೊಟ್ಟಿತು. ಖರ್ಚಿನ ಹೊರೆ ಲಕ್ಷಗಟ್ಟಲೆ, ಅದನ್ನು ತೀರಿಸಲು ಊರೂರಲ್ಲಿ ವಂತಿಗೆ ಎತ್ತಬೇಕಾಯಿತು. ಮರುವರ್ಷದ ಆಗಸ್ಟ್ 1ಕ್ಕೆ ಟಿಳಕರು ತೀರಿಕೊಂಡರು.

ಮೂರು ದೊಡ್ಡ ಕೇಸು, ಮೂರು ಜ್ಯೂರಿ, ಮೂರರಲ್ಲೂ ಸೋಲು. ಗೆಲುವು ಬಂದದ್ದು ಜ್ಯೂರಿಯೇ ಇರದ ಬೆಳಗಾವಿ–ಅಹಮದನಗರದ ಕೇಸಿನಲ್ಲಿ.

ಈ ಲೆಕ್ಕ ಈಗ ನೆನಪಾಗುವುದಕ್ಕೆ ಕಾರಣ ಇಂಗ್ಲೆಂಡಿನ ಇಂದಿನ ಗಲಾಟೆ. ಅಲ್ಲಿಯ ಕ್ರೌನ್ ಕೋರ್ಟುಗಳಲ್ಲಿ 80,000ದ ಹತ್ತಿರ ಕೇಸು ಬಾಕಿ ಬಿದ್ದಿವೆ. ಈ ಬಾಕಿಗೆ ಪರಿಹಾರ ಹುಡುಕಿದ ಸರ್ ಬ್ರಯನ್ ಲೆವಸನ್ ಅವರ ವರದಿ 2025ರ ಜುಲೈಯಲ್ಲಿ ಬಂತು. ಡಿಸೆಂಬರಿನಲ್ಲಿ ನ್ಯಾಯ ಸಚಿವ ಡೇವಿಡ್ ಲ್ಯಾಮಿ, ಮೂರು ವರ್ಷದವರೆಗೆ ಶಿಕ್ಷೆಯಾಗಬಹುದಾದ ಕೇಸುಗಳನ್ನು ಜ್ಯೂರಿ ಇಲ್ಲದೆ ನ್ಯಾಯಾಧೀಶರೊಬ್ಬರೇ ನಡೆಸಲಿ ಎಂಬ ಯೋಜನೆ ಮುಂದಿಟ್ಟರು. ನೂರಾರು ವರ್ಷದ ಹಕ್ಕು ಹೋಯಿತೆಂದು ಬ್ಯಾರಿಸ್ಟರುಗಳು ಕೂಗು ಹಾಕಿದರು, ಆಳುವ ಪಕ್ಷದವರೇ ಹಲವರು ತಿರುಗಿಬಿದ್ದರು. ಯೋಜನೆಯ ಪರ ಇರುವವರ ಒಂದು ವಾದ: ಜ್ಯೂರಿ ಕಾರಣ ಹೇಳುವುದಿಲ್ಲ, ನ್ಯಾಯಾಧೀಶರು ಹೇಳುತ್ತಾರೆ. 1916 ಅವರ ಪರ ಸಾಕ್ಷಿ ಹೇಳುತ್ತದೆ. ಆದರೆ ಪೂರ್ತಿ ಅಲ್ಲ. ಪುಣೆಯಲ್ಲಿ ಹ್ಯಾಚ್ ಅವರೂ ಜ್ಯೂರಿ ಇಲ್ಲದೆಯೇ, ಕಾರಣ ಬರೆದೇ ಮುಚ್ಚಳಿಕೆ ಕೇಳಿದ್ದರು. ಟಿಳಕರನ್ನು ಉಳಿಸಿದ್ದು ಮೇಲೊಂದು ಕೋರ್ಟು ಇದ್ದದ್ದು ಮತ್ತು ಅಲ್ಲಿಗೆ ಹೋಗುವ ತಾಕತ್ತು ಅವರಿಗಿದ್ದದ್ದು. ನಮ್ಮ ದೇಶದಲ್ಲಂತೂ 1959ರ ನಾನಾವತಿ ಕೇಸಿನ 8–1ರ ತೀರ್ಪಿನ ನಂತರ ಜ್ಯೂರಿಯ ಮರ್ಯಾದೆ ಕರಗಿ, 1973ರ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಉಳಿಯಲಿಲ್ಲ. ಅದಕ್ಕಾಗಿ ಅತ್ತವರು ಕಡಿಮೆ.

ರಾಜದ್ರೋಹದ ಕಥೆ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಆ ಕಲಮನ್ನು ಇಲ್ಲಿಗೆ ತಂದವರು 1870ರಲ್ಲಿ ಬ್ರಿಟಿಷರು. ತಮ್ಮ ದೇಶದಲ್ಲಿ ಅದನ್ನು ಅವರೇ 2009ರ ಕಾಯಿದೆಯಿಂದ ತೆಗೆದುಹಾಕಿದರು, 2010ರ ಜನವರಿ 12ರಿಂದ ಇಂಗ್ಲೆಂಡಿನಲ್ಲಿ ಆ ಅಪರಾಧ ಇಲ್ಲ. ಅಲ್ಲಿ ಅದು ಬಹಳ ಕಾಲದಿಂದ ತುಕ್ಕು ಹಿಡಿದೇ ಬಿದ್ದಿತ್ತು, ನಮ್ಮಲ್ಲಿ ಬಳಕೆ ನಿಂತಿರಲಿಲ್ಲ. 2020ರಲ್ಲಿ ಬೀದರಿನ ಶಾಲೆಯೊಂದರ ಮಕ್ಕಳ ನಾಟಕಕ್ಕೂ ಇದೇ ಕಲಮು ಹಾಕಿದ್ದರು, 2023ರಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಅದನ್ನು ರದ್ದು ಮಾಡಬೇಕಾಯಿತು. ಅದಕ್ಕೂ ಮುನ್ನ, 2022ರ ಮೇ 11ರಂದು ಸುಪ್ರೀಂ ಕೋರ್ಟು 124-ಎ ಬಳಕೆಯನ್ನು ತಡೆಹಿಡಿದಿತ್ತು. ಆದರೂ ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಋತುರಾಜ್ ಅವಸ್ಥಿ ಅವರ ಅಧ್ಯಕ್ಷತೆಯ ಕಾನೂನು ಆಯೋಗ 2023ರಲ್ಲಿ ಅದು ಇರಲಿ ಎಂದೇ ಶಿಫಾರಸು ಮಾಡಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಾಗ ರಾಜದ್ರೋಹ ಎಂಬ ಹೆಸರು ಹೋಯಿತು. ಸಾರ್ವಭೌಮತೆಗೆ, ಏಕತೆಗೆ ಅಪಾಯ ಒಡ್ಡುವ ಕೃತ್ಯ ಎಂಬ 152ನೇ ಕಲಮು ಬಂತು, ಜೀವಾವಧಿಯವರೆಗೆ ಶಿಕ್ಷೆ ಇಟ್ಟುಕೊಂಡು. ಹೆಸರು ಹೋದದ್ದನ್ನೇ ದೊಡ್ಡ ಬಿಡುಗಡೆ ಎಂದು ಸಂಭ್ರಮಿಸಿದವರು ಆ ಕಲಮಿನ ಒಕ್ಕಣೆಯನ್ನು ಓದಿದ್ದಾರೋ ಇಲ್ಲವೋ.

ಮುಂಬಯಿ ಹೈಕೋರ್ಟಿನಲ್ಲಿ 1908ರ ವಿಚಾರಣೆ ನಡೆದ ಕೋಣೆಯ ಹೊರಗೆ ಟಿಳಕರ ಕೊನೆಯ ಮಾತುಗಳನ್ನು ಕೆತ್ತಿದ ಕಲ್ಲಿದೆ. ಅದನ್ನು 1956ರ ಜುಲೈ 14ರಂದು ಅನಾವರಣ ಮಾಡಿದವರು ಆಗಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ, ಒಂದು ಕಾಲಕ್ಕೆ ಜಿನ್ನಾ ಅವರ ಕೈಕೆಳಗೆ ವಕೀಲಿ ಕಲಿತವರು. ಇದಾಗಿ ನಾಲ್ಕು ತಿಂಗಳೊಳಗೆ, ನವೆಂಬರ್ 1ಕ್ಕೆ ಬೆಳಗಾವಿ ಜಿಲ್ಲೆ ಆ ಹೈಕೋರ್ಟಿನ ಅಧಿಕಾರದಿಂದ ಹೊರಬಂದು ಮೈಸೂರು ರಾಜ್ಯಕ್ಕೆ ಸೇರಿತು. ಬ್ಯಾಚಲರ್ ತೀರ್ಪಿಗೆ ಅಂಥ ಕಲ್ಲು ಎಲ್ಲೂ ಇಲ್ಲ. ಗೆದ್ದ ಕೇಸಿಗಿಂತ ಸೋತ ಕೇಸಿನ ಮೇಲೆ ನಮಗೆ ಮಮತೆ ಜಾಸ್ತಿ.

ಕುಡಚಿಯ ಮೇಲ್ಮನವಿ ಈಗ ಹೋಗುವುದು ಧಾರವಾಡದ ಪೀಠಕ್ಕೆ. ರಾಯಬಾಗ ತಾಲೂಕಿನಲ್ಲಿ ಕೊಲ್ಹಾಪುರದ ಕಾರಭಾರ ಇಲ್ಲ, ಮೀರಜದಲ್ಲಿ ಪಟವರ್ಧನರ ದರ್ಬಾರಿಲ್ಲ, ಹಳಿ ಬ್ರಾಡ್ ಗೇಜಾಗಿದೆ. 108ನೇ ಕಲಮು ಮಾತ್ರ ಇದೆ. ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದರ ಈಗಿನ ಸಂಖ್ಯೆ 127. ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರದ್ದು, ಅಂದರೆ ತಹಶೀಲ್ದಾರರ ಮಟ್ಟಕ್ಕೇ ಇಳಿದಿದೆ. ಆಕ್ಷೇಪಾರ್ಹ ಮಾತುಗಳ ಪಟ್ಟಿಯಲ್ಲಿ 124-ಎ ಇದ್ದ ಜಾಗಕ್ಕೆ 152 ಬಂದು ಕುಳಿತಿದೆ. ಬರೆಸಿಕೊಳ್ಳಬಹುದಾದ ಮುಚ್ಚಳಿಕೆಯ ಗರಿಷ್ಠ ಅವಧಿ ಟಿಳಕರಿಗೆ ಕೇಳಿದಷ್ಟೇ, ಒಂದು ವರ್ಷ.